ಕಾರ್ ಕೀ ಕಳೆದೋಯ್ತಾ? ಶೋರೂಮ್‌ಗೆ ಹೋಗೋ ಮೊದಲು ಇದನ್ನ ಓದ್ಕೊಳ್ಳಿ

ಸಾಗರ: ಕಾರಿನ ಕೀ ಕಳೆದ್ರೆ ಏನ್ ಮಹಾ, ಕೀ ಮಾಡೋರ ಹತ್ರ ಹೋದ್ರೆ ಹತ್ತು ನಿಮಿಷದ ಕೆಲಸ ಅಂದ್ಕೊಂಡಿದ್ದೀರಾ? ನಮ್ಮ ಮಾವನೂ ಹಾಗೇ ಅಂದ್ಕೊಂಡಿದ್ರು. ಕೊನೆಗೆ ಅವರ ಗಾಡಿ ಅಂಗಡಿ ಮುಂದೆ 26 ದಿನ ನಿಂತಿತ್ತು.

ಮಾವನದ್ದು ರೆಡಿಮೇಡ್ ಬಟ್ಟೆ ವ್ಯಾಪಾರ. ಪೇಟೆಯಲ್ಲಿ ಸಣ್ಣ ಅಂಗಡಿ, ಜೊತೆಗೆ ಸುತ್ತಮುತ್ತಲ ಸಂತೆಗಳಿಗೂ ಹೋಗ್ತಾರೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಗಾಡಿ ತಗೊಂಡಿದ್ರು. ಬ್ರೋಕರ್ ಕೊಟ್ಟಿದ್ದು ಒಂದೇ ಕೀ. 'ಇನ್ನೊಂದು ಹಳೇ ಓನರ್ ಮನೇಲಿದೆ, ಕಳಿಸಿಕೊಡ್ತಾರೆ' ಅಂದಿದ್ದ. ಅದು ಬರಲೇ ಇಲ್ಲ, ಇವರೂ ಕೇಳಲಿಲ್ಲ.

ಈ ಸಲ ಜೂನ್ ಮೊದಲ ವಾರ. ಶಾಲೆ ಶುರು, ಮಳೆ ಶುರು. ಯೂನಿಫಾರ್ಮ್, ರೈನ್‌ಕೋಟ್, ಸ್ವೆಟರ್ ಹೋಗೋದೇ ಆಗ. ಸಂತೆ ಮುಗಿಸಿ ಗಂಟು ಕಟ್ಟಿ, ಗಾಡಿಗೆ ಹಾಕಿ ಮನೆಗೆ ಬಂದ್ರು. ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ಜೇಬಲ್ಲಿ ಕೀ ಇಲ್ಲ. ಮನೆ, ಅಂಗಡಿ, ಚರಂಡಿ ಎಲ್ಲಾ ಹುಡುಕಿದ್ದಾಯ್ತು. ಸಿಗಲಿಲ್ಲ.

ಅವರ ಜೊತೆ ಶೋರೂಮ್‌ಗೂ ಆರ್‌ಟಿಒ ಆಫೀಸಿಗೂ ಓಡಾಡಿದ್ದು ನಾನೇ. ಆಗ ತಿಳ್ಕೊಂಡಿದ್ದನ್ನೆಲ್ಲ ಇಲ್ಲಿ ಒಂದೊಂದಾಗಿ ಹೇಳ್ತೀನಿ. ನಿಮ್ಮ ಹತ್ರ ಗಾಡಿ ಇದ್ರೆ, ಅದಕ್ಕೆ ಒಂದೇ ಕೀ ಇದ್ರೆ, ಪೂರ್ತಿ ಓದಿ.

ಬಾಗಿಲು ತೆಗೀತು, ಇಂಜಿನ್ ಯಾಕೆ ಸ್ಟಾರ್ಟ್ ಆಗಲಿಲ್ಲ?

ಮಾವ ಮೊದಲು ಕರೆಸಿದ್ದು ಕೀ ಮಾಡೋರನ್ನ. ಅವರು ಬಾಗಿಲಿನ ಲಾಕ್ ನೋಡ್ಕೊಂಡು, ಉಜ್ಜಿ ಉಜ್ಜಿ ಒಂದು ಕೀ ಮಾಡಿಕೊಟ್ರು. ಬಾಗಿಲು ತೆಗೀತು. ಸ್ಟೇರಿಂಗ್ ಲಾಕೂ ಬಿಡ್ತು. ಆದ್ರೆ ಇಂಜಿನ್ ಮಾತ್ರ ಹಿಡೀಲಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಲೈಟು ಮಿಣುಕ್ತಾ ಇತ್ತು.

'ಸಾಹುಕಾರ್ರೇ, ಇದು ಚಿಪ್ ಗಾಡಿ. ನನ್ನ ಹತ್ರ ಅದರ ಮಿಷನ್ ಇಲ್ಲ. ಶೋರೂಮಿಗೇ ಹೋಗ್ಬೇಕು' ಅಂತ ಅವರೇ ಹೇಳಿದ್ರು. ಬಾಗಿಲು ತೆಗೆದಿದ್ದಕ್ಕೆ ಮಾತ್ರ ದುಡ್ಡು ತಗೊಂಡು ಹೋದ್ರು. ಪ್ರಾಮಾಣಿಕ ಮನುಷ್ಯ.

ಚಿಪ್ ಅಂದ್ರೆ ಏನು? ಈಗಿನ ಬಹುತೇಕ ಕಾರುಗಳಲ್ಲಿ ಇಮೊಬಿಲೈಸರ್ ಅನ್ನೋ ಕಳ್ಳತನ ತಡೆಯೋ ವ್ಯವಸ್ಥೆ ಇರುತ್ತೆ. ಕೀ ಹಿಡಿಯೋ ಪ್ಲಾಸ್ಟಿಕ್ ಭಾಗದ ಒಳಗೆ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಚಿಪ್ ಕೂತಿರುತ್ತೆ. ಅದಕ್ಕೆ ಬ್ಯಾಟರಿ ಬೇಡ. ಕೀ ಹಾಕೋ ಜಾಗದ ಸುತ್ತ ತಂತಿಯ ಒಂದು ಉಂಗುರ ಇರುತ್ತೆ. ಕೀ ತಿರುಗಿಸಿದಾಗ ಆ ಉಂಗುರದಿಂದ ಸಣ್ಣ ರೇಡಿಯೋ ಸಿಗ್ನಲ್ ಹೊರಡುತ್ತೆ. ಚಿಪ್ಪಿಗೆ ಶಕ್ತಿ ಸಿಗೋದೂ ಅದರಿಂದಲೇ. ಆಗ ಅದು ತನ್ನ ಗುರುತಿನ ಕೋಡ್ ವಾಪಸ್ ಕಳಿಸುತ್ತೆ. ಗಾಡಿಯ ಕಂಪ್ಯೂಟರ್ ಆ ಕೋಡನ್ನ ತನ್ನ ಲೆಕ್ಕದ ಜೊತೆ ತಾಳೆ ಹಾಕುತ್ತೆ. ಸರಿಯಾದ್ರೆ ಇಂಜಿನ್ ಓಡುತ್ತೆ. ಇಲ್ಲದಿದ್ರೆ ಸ್ಟಾರ್ಟ್ ಆಗೋದೇ ಇಲ್ಲ, ಅಥವಾ ಹಿಡಿದ ಹಾಗೆ ಮಾಡಿ ಎರಡು ಸೆಕೆಂಡಲ್ಲಿ ಆಫ್ ಆಗುತ್ತೆ.

ಅಂದ್ರೆ ಲೋಹದ ಹಲ್ಲು ತೆಗೆಯೋದು ಬೀಗ ಮಾತ್ರ. ಇಂಜಿನ್ನಿಗೆ ಅಪ್ಪಣೆ ಕೊಡೋದು ಚಿಪ್.

ನಿಮ್ಮದು ಯಾವ ಥರದ ಕೀ?

ಖರ್ಚು ಎಷ್ಟು ಅನ್ನೋದು ಇದರ ಮೇಲೇ ನಿಂತಿದೆ.

1) ಬರೀ ಲೋಹದ ಕೀ: ಹಳೇ ಗಾಡಿಗಳದ್ದು. ಚಿಪ್ ಇಲ್ಲ. ಯಾರು ಬೇಕಾದ್ರೂ ಕಟ್ ಮಾಡಿಕೊಡ್ತಾರೆ, ಸ್ವಲ್ಪ ದುಡ್ಡಲ್ಲಿ ಮುಗಿಯುತ್ತೆ.

2) ಚಿಪ್ ಕೀ: ನೋಡೋಕೆ ಸಾಮಾನ್ಯ ಕೀ ಥರನೇ, ಬಟನ್ ಇರಲ್ಲ. ಆದ್ರೆ ಪ್ಲಾಸ್ಟಿಕ್ ತಲೆ ಒಳಗೆ ಚಿಪ್ ಇರುತ್ತೆ. ಮಾವನ ಗಾಡಿದು ಇದೇ.

3) ರಿಮೋಟ್ ಕೀ: ಲಾಕ್, ಅನ್‌ಲಾಕ್ ಬಟನ್ ಇರೋದು. ಬಟನ್ನಿಗೆ ಬ್ಯಾಟರಿ ಬೇಕು, ಒಳಗಿನ ಚಿಪ್ಪಿಗೆ ಬೇಡ. ಅದಕ್ಕೇ ರಿಮೋಟ್ ಸತ್ರೂ ಕೀ ಹಾಕಿ ತಿರುಗಿಸಿದ್ರೆ ಗಾಡಿ ಸ್ಟಾರ್ಟ್ ಆಗುತ್ತೆ.

4) ಸ್ಮಾರ್ಟ್ ಕೀ: ಜೇಬಲ್ಲಿ ಇಟ್ಕೊಂಡು ಬಟನ್ ಒತ್ತಿ ಸ್ಟಾರ್ಟ್ ಮಾಡೋದು. ಈ ನಾಲ್ಕರಲ್ಲಿ ದುಬಾರಿ ಇದೇ.

ಸ್ವಲ್ಪ ತಡೀರಿ, ನಿಜಕ್ಕೂ ಹೊಸ ಕೀ ಬೇಕಾ?

ಕೀ ಕಳೆದಿಲ್ಲ, ಕೆಲಸ ಮಾಡ್ತಿಲ್ಲ ಅಷ್ಟೇ ಅಂದ್ರೆ ಮೊದಲು ಇದನ್ನ ನೋಡಿ.

ಬಟನ್ ಒತ್ತಿದ್ರೆ ಲಾಕ್ ಆಗ್ತಿಲ್ವಾ? ಬ್ಯಾಟರಿ ಬದಲಾಯಿಸಿ. ಹೆಚ್ಚಿನ ಕೀಗಳಲ್ಲಿ ಬಟನ್ ಥರದ 3 ವೋಲ್ಟ್ ಸೆಲ್ ಇರುತ್ತೆ, ಅದರ ಮೇಲೆ ನಂಬರ್ ಬರೆದಿರುತ್ತೆ. ಉದಾಹರಣೆಗೆ ಸಿಆರ್ 2032. ಇದರಲ್ಲಿ 20 ಅಂದ್ರೆ 20 ಮಿಲಿಮೀಟರ್ ಅಗಲ, 32 ಅಂದ್ರೆ 3.2 ಮಿಲಿಮೀಟರ್ ದಪ್ಪ. ಹಳೇ ಸೆಲ್ ನಂಬರ್ ಯಾವುದಿದೆಯೋ ಅದನ್ನೇ ತಗೊಳ್ಳಿ. ವಾಚ್ ಅಂಗಡಿಗಳಲ್ಲಿ ಸಿಗುತ್ತೆ.

ಸ್ಮಾರ್ಟ್ ಕೀ ಬ್ಯಾಟರಿ ದಾರಿಯಲ್ಲಿ ಸತ್ರೆ ಗಾಬರಿ ಆಗ್ಬೇಡಿ. ಸಾಮಾನ್ಯವಾಗಿ ಅದರೊಳಗೆ ಒಂದು ಸಣ್ಣ ಲೋಹದ ಕೀ ಇರುತ್ತೆ, ಅದನ್ನ ಎಳೆದು ಬಾಗಿಲು ತೆಗೀರಿ. ಬಹಳಷ್ಟು ಗಾಡಿಗಳಲ್ಲಿ ಕೀಯನ್ನ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿದ್ರೆ ಇಂಜಿನ್ ಸ್ಟಾರ್ಟ್ ಆಗುತ್ತೆ. ನಿಮ್ಮ ಗಾಡಿಯಲ್ಲಿ ಹೇಗೆ ಅಂತ ಮ್ಯಾನುಯಲ್‌ನಲ್ಲಿ ಬರೆದಿರುತ್ತೆ.

ಪ್ಲಾಸ್ಟಿಕ್ ಒಡೆದಿದ್ರೆ ಕವರ್ ಮಾತ್ರ ಬದಲಾಯಿಸಬಹುದು. ಹಳೇ ಕೀಯ ಚಿಪ್ಪು, ಸರ್ಕ್ಯೂಟು ಹೊಸ ಕವರಿಗೆ ಹಾಕಿದ್ರೆ ಆಯ್ತು. ಮುರಿದ ಕೀಯನ್ನ ಕಸಕ್ಕೆ ಎಸೀಬೇಡಿ. ಬೆಲೆ ಇರೋದು ಅದರೊಳಗಿನ ಚಿಪ್ಪಿಗೆ.

ಕಳೆದಿದ್ದು ಖಾತ್ರಿ ಆದ್ರೆ ಮೊದಲ ಕೆಲಸ: ದೂರು

'ಕೀ ಕಳೆದಿದ್ದಕ್ಕೆ ಸ್ಟೇಷನ್ ಯಾಕೆ' ಅಂತ ಮಾವ ಗೊಣಗಿದ್ರು. ಯಾಕೆ ಅಂತ ಹೇಳ್ತೀನಿ.

ನಾಳೆ ಗಾಡಿ ಕಳುವಾಯ್ತು ಅಂದ್ಕೊಳ್ಳಿ. ಇನ್ಶೂರೆನ್ಸ್ ಕ್ಲೇಮ್‌ಗೆ ಹೋದ್ರೆ ಕಂಪನಿಯವರು ಎರಡೂ ಕೀ ಕೊಡಿ ಅಂತಾರೆ. ಒಂದು ಕೀ ಮಾತ್ರ ಇದ್ರೆ ಇನ್ನೊಂದು ಎಲ್ಲಿ ಅಂತ ಕೇಳ್ತಾರೆ. ಯಾವತ್ತು, ಎಲ್ಲಿ ಕಳೀತು ಅನ್ನೋದಕ್ಕೆ ಕಾಗದ ಇಲ್ಲದಿದ್ರೆ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತೆ.

ಕಳೆದ ವಸ್ತುಗಳಿಗೆ ಕರ್ನಾಟಕ ಪೊಲೀಸರ ಕೆಎಸ್‌ಪಿ ಆ್ಯಪ್‌ನಲ್ಲಿ ಇ-ಲಾಸ್ಟ್ ಅನ್ನೋ ಸೌಲಭ್ಯ ಇದೆ. ಅದು ಕಳೆದುಹೋದ ವಸ್ತುಗಳಿಗೆ ಮಾತ್ರ. ಯಾರೋ ಕದ್ದಿದ್ದಾರೆ, ಬ್ಯಾಗ್ ಸಮೇತ ಹೋಗಿದೆ ಅಂದ್ರೆ ಸ್ಟೇಷನ್ನಿಗೇ ಹೋಗಿ ದೂರು ಕೊಡ್ಬೇಕು. ಕಳೆದಿದ್ದನ್ನ ಕಳುವಾಯ್ತು ಅಂತ ಸುಳ್ಳು ಬರೆಸೋಕೆ ಹೋಗ್ಬೇಡಿ, ಅದು ನಿಮಗೇ ತಿರುಗಿಕೊಳ್ಳುತ್ತೆ.

ಶೋರೂಮ್‌ಗೆ ಏನೇನು ತಗೊಂಡು ಹೋಗ್ಬೇಕು?

ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್. ಒಂದು ಕಾಗದ ಬಿಟ್ಟು ಹೋದ್ರೆ ಒಂದು ದಿನ ಅಂಗಡಿ ಬಾಗಿಲು ಹಾಕಿದ ಹಾಗೆ. ಅದಕ್ಕೆ ಹೊರಡೋ ಮೊದಲು ಫೋನ್ ಮಾಡಿ, ಸರ್ವಿಸ್ ಅಡ್ವೈಸರ್ ಹತ್ರ ಪಟ್ಟಿ ಕೇಳಿ. ಸಾಮಾನ್ಯವಾಗಿ ಕೇಳೋದು ಇಷ್ಟು:

- ಆರ್‌ಸಿ, ಮೂಲ ಪ್ರತಿ ಮತ್ತು ಜೆರಾಕ್ಸ್
- ಆರ್‌ಸಿಯಲ್ಲಿ ಹೆಸರಿರೋರ ಆಧಾರ್ ಅಥವಾ ಬೇರೆ ಗುರುತಿನ ಚೀಟಿ
- ಇನ್ಶೂರೆನ್ಸ್ ಕಾಪಿ
- ಕೀ ಕಳೆದ ಬಗ್ಗೆ ಪೊಲೀಸ್ ದೂರಿನ ಪ್ರತಿ
- ಉಳಿದಿರೋ ಎಲ್ಲಾ ಕೀಗಳು
- ಕೀ ನಂಬರ್ ಟ್ಯಾಗ್ ಇದ್ರೆ ಅದು
- ಓನರ್ ಬರೋಕಾಗದಿದ್ರೆ ಅವರ ಸಹಿ ಇರೋ ಒಪ್ಪಿಗೆ ಪತ್ರ

ಕೀ ನಂಬರ್ ಟ್ಯಾಗ್ ಬಗ್ಗೆ ಒಂದು ಮಾತು. ಹೊಸ ಗಾಡಿ ತಗೊಂಡಾಗ ಕೀ ಗೊಂಚಲಲ್ಲಿ ಒಂದು ಸಣ್ಣ ತಗಡು ಅಥವಾ ಪ್ಲಾಸ್ಟಿಕ್ ಬಿಲ್ಲೆ ಇರುತ್ತೆ, ಅದರ ಮೇಲೆ ನಂಬರ್ ಇರುತ್ತೆ. ಅಲಂಕಾರಕ್ಕೆ ಅಂದ್ಕೊಂಡು ಕೀ ಜೊತೆಗೇ ಓಡಾಡಿಸ್ತೀವಿ. ಕೀ ಕಳೆದ್ರೆ ಅದೂ ಹೋಗುತ್ತೆ. ಕೀಯ ಹಲ್ಲು ಹೇಗಿರ್ಬೇಕು ಅನ್ನೋ ಲೆಕ್ಕ ಆ ನಂಬರಲ್ಲಿದೆ. ಅದನ್ನ ಬಿಚ್ಚಿ ಬೀರುವಲ್ಲಿಡಿ.

ಮಾವ ಸಿಕ್ಕಿಬಿದ್ದಿದ್ದು ಇಲ್ಲೇ: ಆರ್‌ಸಿ

ಶೋರೂಮ್ ಕೌಂಟರಿನ ಹುಡುಗ ಆರ್‌ಸಿ ನೋಡಿದ. 'ಸರ್, ಇದರಲ್ಲಿ ಹೆಸರು ಬೇರೆಯವರದ್ದಿದೆ. ಅವರನ್ನ ಕರ್ಕೊಂಡು ಬರ್ತೀರಾ?' ಅಂದ.

'ನಾನೇ ಕಣಪ್ಪ ಓನರ್ರು. ದುಡ್ಡು ಕೊಟ್ಟು ತಗೊಂಡಿದೀನಿ, ಎರಡು ವರ್ಷದಿಂದ ಓಡಿಸ್ತಿದೀನಿ' ಅಂದ್ರು ಮಾವ.

'ಇರಬಹುದು ಸರ್. ಆದ್ರೆ ಕೇಳಿದೋರಿಗೆಲ್ಲ ಕೀ ಮಾಡಿಕೊಟ್ರೆ ನಾಳೆ ನಿಮ್ಮ ಗಾಡಿಗೂ ಬೇರೆ ಯಾರೋ ಬಂದು ಮಾಡಿಸ್ಕೊಂಡು ಹೋಗ್ತಾರೆ.'

ಮಾವನಿಗೆ ಸಿಟ್ಟು ಬಂತು. ಆದ್ರೆ ಆ ಹುಡುಗ ಹೇಳಿದ್ದು ಸರಿ ಇತ್ತು.

ಹಳೇ ಓನರ್ ಸಹಿ ಹಾಕಿದ ಫಾರಂ 29 ಮತ್ತು 30 ಮಾವನ ಬೀರುವಲ್ಲೇ ಮಲಗಿತ್ತು. 'ಆಮೇಲೆ ಮಾಡಿಸಿದ್ರಾಯ್ತು' ಅಂತ ಬಿಟ್ಟಿದ್ದು. ಕಾನೂನಿನ ಪ್ರಕಾರ ಒಂದೇ ರಾಜ್ಯದೊಳಗೆ ಗಾಡಿ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸ್ಬೇಕು, ಕೊಂಡವರು 30 ದಿನದೊಳಗೆ ತಿಳಿಸ್ಬೇಕು. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಇದನ್ನೇ ಹೇಳುತ್ತೆ.

ಹಳೇ ಓನರ್ ಫೋನ್ ನಂಬರ್ ಬದಲಾಗಿತ್ತು. ಬ್ರೋಕರ್ ಮೂಲಕ ಹುಡುಕಿ ಮಾತಾಡಿಸೋಕೆ ನಾಲ್ಕು ದಿನ. ಆಮೇಲೆ ಎಮಿಷನ್ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂತ ಗೊತ್ತಾಯ್ತು. ಗಾಡಿ ಸ್ಟಾರ್ಟೇ ಆಗಲ್ಲ, ಎಮಿಷನ್ ಟೆಸ್ಟ್ ಮಾಡಿಸೋದು ಹೇಗೆ? ಕೀ ಬೇಕಂದ್ರೆ ಆರ್‌ಸಿ ಬೇಕು, ಆರ್‌ಸಿ ಬೇಕಂದ್ರೆ ಎಮಿಷನ್ ಬೇಕು, ಎಮಿಷನ್‌ಗೆ ಕೀ ಬೇಕು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಹಳೇ ಓನರ್‌ರಿಂದಲೇ. ಅವರು ತಮ್ಮ ಆಧಾರ್ ಪ್ರತಿ, ಸಹಿ ಮಾಡಿದ ಒಪ್ಪಿಗೆ ಪತ್ರ ಕಳಿಸಿದ್ರು, ಶೋರೂಮ್‌ನವರ ಜೊತೆ ಫೋನಲ್ಲೂ ಮಾತಾಡಿದ್ರು. ಮ್ಯಾನೇಜರ್ ಒಪ್ಪಿಕೊಂಡು ಅವರ ಹೆಸರಲ್ಲೇ ಕೀ ಆರ್ಡರ್ ಹಾಕಿದ್ರು. ಎರಡನೇ ಕೀ ಸಿಗುತ್ತೇನೋ ಅಂತ ಕೇಳಿದ್ವಿ, ಅವರಿಗೂ ಅದು ಸಿಗಲಿಲ್ಲ. ಗಾಡಿ ಓಡಿದ ಮೇಲೆ ಎಮಿಷನ್ ಮಾಡಿಸಿ, ಸಾಗರ ಆರ್‌ಟಿಒದಲ್ಲಿ ವರ್ಗಾವಣೆಗೆ ಹಾಕಿದ್ವಿ. ಆ ಮನುಷ್ಯ ಒಳ್ಳೆಯವರು, ಬಚಾವ್. ಅವರು ಊರು ಬಿಟ್ಟಿದ್ರೆ, ಅಥವಾ 'ನನಗೆ ಸಂಬಂಧ ಇಲ್ಲ' ಅಂದುಬಿಟ್ಟಿದ್ರೆ ನಮ್ಮ ಗತಿ ಏನಾಗ್ತಿತ್ತೋ.

ಗಾಡಿ ತಂದೆಯವರ ಹೆಸರಲ್ಲಿದ್ದು ಅವರು ತೀರಿಕೊಂಡಿದ್ರೂ ಇದೇ ತೊಂದರೆ ಬರುತ್ತೆ. ಅದಕ್ಕೆ ಬೇರೆ ಫಾರಂ, 31. ಅಣ್ಣ ತಮ್ಮಂದಿರು ಕೂತು ಮಾತಾಡಿ ಮೊದಲೇ ಮಾಡಿಸ್ಕೊಳ್ಳಿ.

ಶೋರೂಮ್‌ನವರು ಮಾಡೋದೇನು?

ಮೊದಲು ಚಾಸಿ ನಂಬರ್ ಹಾಕಿ ಕಂಪನಿಗೆ ಆರ್ಡರ್ ಕಳಿಸ್ತಾರೆ. ಇದು 17 ಅಕ್ಷರ, ಅಂಕಿಗಳ ನಂಬರ್, ಆರ್‌ಸಿಯಲ್ಲಿ ಇರುತ್ತೆ. ಕೀ ನಿಮ್ಮ ಗಾಡಿಗೆ ಅಂತಲೇ ಬರೋದ್ರಿಂದ ಅಡ್ವಾನ್ಸ್ ಕೇಳ್ತಾರೆ. 'ಹಳೇ ಕೀ ಸಿಕ್ತು, ಬೇಡ' ಅಂದ್ರೆ ದುಡ್ಡು ವಾಪಸ್ ಬರೋದು ಕಷ್ಟ. ಅದಕ್ಕೆ ಇನ್ನೊಂದು ಸಲ ಚೆನ್ನಾಗಿ ಹುಡುಕಿ ಆರ್ಡರ್ ಕೊಡಿ.

ಕೀ ಬಂದ ಮೇಲೆ ಪ್ರೋಗ್ರಾಮಿಂಗ್. ಸ್ಟೇರಿಂಗ್ ಕೆಳಗಡೆ ಇರೋ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ, ಹೊಸ ಚಿಪ್ಪನ್ನ ಗಾಡಿಯ ಕಂಪ್ಯೂಟರಿಗೆ ಪರಿಚಯ ಮಾಡಿಸ್ತಾರೆ. ಹಾಗಾಗಿ ಕೀ ಒಂದೇ ತಂದ್ರೆ ಆಗಲ್ಲ, ಗಾಡಿನೂ ಅಲ್ಲೇ ಇರ್ಬೇಕು.

ಉಳಿದ ಕೀಗಳನ್ನೂ ತನ್ನಿ ಅನ್ನೋದು ಯಾಕೆ ಗೊತ್ತಾ? ಎಷ್ಟೋ ಗಾಡಿಗಳಲ್ಲಿ ಪ್ರೋಗ್ರಾಮಿಂಗ್ ಮಾಡುವಾಗ ಹಳೇ ಪಟ್ಟಿ ಅಳಿಸಿ, ಎದುರಿಗಿರೋ ಕೀಗಳನ್ನ ಮಾತ್ರ ಮತ್ತೆ ಸೇರಿಸ್ತಾರೆ. ಮನೇಲಿ ಬಿಟ್ಟು ಬಂದ ಕೀ ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಲ್ಲ. ಇದರಿಂದ ಒಂದು ಲಾಭನೂ ಇದೆ. ಕಳೆದ ಕೀಯನ್ನ ಪಟ್ಟಿಯಿಂದ ತೆಗೆಸಿದ್ರೆ ಅದು ಸಿಕ್ಕಿದವನು ಗಾಡಿ ಓಡಿಸೋಕಾಗಲ್ಲ. 'ಕಳೆದ ಕೀ ಡಿಲೀಟ್ ಮಾಡಿದ್ರಾ, ಈಗ ಎಷ್ಟು ಕೀ ಇದೆ' ಅಂತ ಬಾಯಿಬಿಟ್ಟು ಕೇಳಿ.

ಆದ್ರೆ ಬಾಗಿಲು ಮಾತ್ರ ಆ ಹಳೇ ಕೀಗೆ ಇನ್ನೂ ತೆಗೆಯುತ್ತೆ. ಸಾಮಾನು ತುಂಬಿ ರಾತ್ರಿ ರಸ್ತೆ ಬದಿ ನಿಲ್ಲಿಸೋ ವ್ಯಾಪಾರಸ್ಥರು ಇದನ್ನ ಯೋಚನೆ ಮಾಡ್ಬೇಕು. ಪೂರ್ತಿ ಧೈರ್ಯ ಬೇಕಂದ್ರೆ ಲಾಕ್ ಸೆಟ್ಟೇ ಬದಲಾಯಿಸ್ಬೇಕು, ಅದಕ್ಕೆ ಖರ್ಚು ಜಾಸ್ತಿ.

ಇದ್ದ ಕೀ ಎಲ್ಲಾ ಕಳೆದಿದ್ರೆ ಗಾಡಿಯನ್ನ ಎತ್ತಿಕೊಂಡೇ ಹೋಗ್ಬೇಕಾಗುತ್ತೆ. ಅದಕ್ಕೆ ಮೊದಲು ಎರಡು ವಿಷಯ ವಿಚಾರಿಸಿ. ಇನ್ಶೂರೆನ್ಸ್‌ನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ಯಾ? ಶೋರೂಮ್‌ನಿಂದ ಟೆಕ್ನಿಷಿಯನ್ ಸ್ಕ್ಯಾನರ್ ತಗೊಂಡು ಇಲ್ಲಿಗೇ ಬರ್ತಾರಾ? ನಮಗೆ ಎರಡನೇದು ಆಯ್ತು. ಬಂದುಹೋಗೋ ಚಾರ್ಜ್ ಕೊಟ್ವಿ, ಟೋಯಿಂಗ್‌ಗಿಂತ ಕಮ್ಮಿ ಆಯ್ತು. ಅಂಗಡಿ ಮುಂದೇ ಅರ್ಧ ಗಂಟೆಯೊಳಗೆ ಕೆಲಸ ಮುಗೀತು.

ದುಡ್ಡು ಎಷ್ಟು? ಇನ್ಶೂರೆನ್ಸ್ ಕೊಡುತ್ತಾ?

ರೇಟು ಕಂಪನಿ, ಮಾಡೆಲ್ ಮೇಲೆ ಹೋಗುತ್ತೆ. ಅದಕ್ಕೆ ಎಸ್ಟಿಮೇಟ್ ಬರಹದಲ್ಲಿ ತಗೊಳ್ಳಿ. ಕೀ ಬೆಲೆ, ಕಟಿಂಗ್, ಪ್ರೋಗ್ರಾಮಿಂಗ್ ಲೇಬರ್, ಜಿಎಸ್‌ಟಿ ಬೇರೆ ಬೇರೆ ಬರೆಸಿಕೊಳ್ಳಿ. ಬರೀ 'ಕೀ ಬೆಲೆ' ಕೇಳಿ ಹೋದ್ರೆ ಬಿಲ್ ನೋಡಿದಾಗ ತಲೆ ತಿರುಗುತ್ತೆ.

ಎರಡು ಕೀ ಬೇಕಿದ್ರೆ ಒಟ್ಟಿಗೇ ಮಾಡಿಸಿ. ಬಂದುಹೋಗೋ ಖರ್ಚು, ಓಡಾಟ ಒಂದೇ ಸಲಕ್ಕೆ ಮುಗಿಯುತ್ತೆ.

ಇನ್ಶೂರೆನ್ಸ್ ವಿಷಯ: ಥರ್ಡ್ ಪಾರ್ಟಿ ಮಾತ್ರ ಇದ್ರೆ ಕೀಗೆ ಏನೂ ಸಿಗಲ್ಲ. ಫುಲ್ ಇನ್ಶೂರೆನ್ಸ್ ಇದ್ರೂ ಕೀ ರಿಪ್ಲೇಸ್‌ಮೆಂಟ್ ಅನ್ನೋ ಆ್ಯಡ್-ಆನ್ ಬೇರೆ ತಗೊಂಡಿರ್ಬೇಕು. ಅದರಲ್ಲೂ ಇಷ್ಟೇ ಮೊತ್ತ, ಇಷ್ಟೇ ಸಲ ಅಂತ ಮಿತಿ ಇರುತ್ತೆ, ಪೊಲೀಸ್ ದೂರಿನ ಪ್ರತಿ ಕೇಳ್ತಾರೆ. ಪಾಲಿಸಿ ಕಾಗದದಲ್ಲಿ ಆ್ಯಡ್-ಆನ್ ಪಟ್ಟಿ ನೋಡಿ. ಇದ್ರೆ ಕೀ ಆರ್ಡರ್ ಕೊಡೋ ಮೊದಲೇ ಕಂಪನಿಗೆ ತಿಳಿಸಿ.

ಹೊರಗಡೆ ಮಾಡಿಸಬಾರದಾ?

ಮಾಡಿಸಬಹುದು. ಸ್ಕ್ಯಾನರ್ ಇಟ್ಕೊಂಡು ಚಿಪ್ ಪ್ರೋಗ್ರಾಮ್ ಮಾಡೋರು ಈಗ ದೊಡ್ಡ ಊರುಗಳಲ್ಲಿ ಇದ್ದಾರೆ, ಶೋರೂಮ್‌ಗಿಂತ ಕಮ್ಮಿಗೆ ಮಾಡ್ತಾರೆ. ಹಳೇ ಗಾಡಿಗೆ ಇದು ಒಳ್ಳೇ ದಾರಿನೇ. ವಾರಂಟಿ ಇರೋ ಗಾಡಿ ಆದ್ರೆ ಮಾತ್ರ ಯೋಚನೆ ಮಾಡಿ, ಮುಂದೆ ಎಲೆಕ್ಟ್ರಿಕಲ್ ತೊಂದರೆ ಬಂದಾಗ ತಕರಾರು ಬರಬಹುದು. ಇನ್ನೊಂದು: ಆರ್‌ಸಿ ಕೇಳದೇ ಕೀ ಮಾಡಿಕೊಡೋರ ಹತ್ರ ಹೋಗ್ಬೇಡಿ. ನಿಮಗೆ ಕೇಳದವರು ಕಳ್ಳನಿಗೂ ಕೇಳಲ್ಲ.

ಬಿಡಿಭಾಗ, ಸ್ಕ್ಯಾನರ್ ಎಲ್ಲಾ ಶೋರೂಮ್ ಕೈಯಲ್ಲೇ ಯಾಕೆ ಇರ್ಬೇಕು ಅನ್ನೋ ಪ್ರಶ್ನೆ ಹೊಸದಲ್ಲ. ಹೊರಗಿನ ಮೆಕ್ಯಾನಿಕ್‌ಗಳಿಗೆ ಬಿಡಿಭಾಗ, ರಿಪೇರಿ ಉಪಕರಣ ಸಿಗದ ಹಾಗೆ ಮಾಡಿದ್ದಾರೆ ಅಂತ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಕಂಪನಿಗಳು ಅದರ ವಿರುದ್ಧ ಮೇಲ್ಮನವಿ ಹೋದ್ವು.

ಶೋರೂಮ್‌ನವರು ಸತಾಯಿಸಿದ್ರೆ?

ಅಡ್ವಾನ್ಸ್ ರಸೀದಿ, ಎಸ್ಟಿಮೇಟ್, ವಾಟ್ಸಾಪ್ ಮೆಸೇಜ್ ಎಲ್ಲಾ ಇಟ್ಕೊಳ್ಳಿ. ಹೇಳಿದ ದಿನಕ್ಕೆ ಬರದಿದ್ರೆ ಮೊದಲು ಶೋರೂಮ್ ಮ್ಯಾನೇಜರ್‌ಗೆ, ಆಮೇಲೆ ಕಾರು ಕಂಪನಿಯ ಕಸ್ಟಮರ್ ಕೇರ್‌ಗೆ ಬರೀರಿ. ಅದಕ್ಕೂ ಬಗ್ಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೊನೆಗೆ ಶಿವಮೊಗ್ಗದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ನೀವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ದೂರಿಗೆ ಶುಲ್ಕ ಇಲ್ಲ.

ಇವತ್ತೇ ಮಾಡಬೇಕಾದ ಕೆಲಸ

- ಮನೆಗೆ ಹೋಗಿ ಎರಡನೇ ಕೀ ಹುಡುಕಿ, ಒಂದು ಸಲ ಗಾಡಿ ಸ್ಟಾರ್ಟ್ ಮಾಡಿ ನೋಡಿ.
- ಕೀ ನಂಬರ್ ಟ್ಯಾಗ್ ಬಿಚ್ಚಿ ಆರ್‌ಸಿ ಜೊತೆ ಇಡಿ. ಯಾರಿಗೂ ಅದರ ಫೋಟೋ ಕಳಿಸ್ಬೇಡಿ, ಸ್ಟೇಟಸ್‌ಗೂ ಹಾಕ್ಬೇಡಿ.
- ಒಂದೇ ಕೀ ಇದ್ರೆ ಈಗಲೇ ಇನ್ನೊಂದು ಮಾಡಿಸಿ. ಒಂದು ಕೈಯಲ್ಲಿದ್ದಾಗ ಇನ್ನೊಂದು ಮಾಡಿಸೋದು ಸುಲಭ. ಎಲ್ಲಾ ಕಳೆದ ಮೇಲೆ ಟೋಯಿಂಗ್, ಓಡಾಟ ಎಲ್ಲಾ ಸೇರಿ ದುಬಾರಿ.
- ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಎರಡೂ ಕೀ, ಟ್ಯಾಗ್ ಕೈಗೆ ಬಂದ ಮೇಲೇ ಪೂರ್ತಿ ದುಡ್ಡು ಕೊಡಿ. ಒಂದೇ ಅಂದ್ರೆ ಹೊಸ ಕೀ ಖರ್ಚು ರೇಟಲ್ಲಿ ಕಳೀರಿ.
- ಆರ್‌ಸಿ ನಿಮ್ಮ ಹೆಸರಿಗೆ ಆಗಿಲ್ವಾ? ಎಮಿಷನ್, ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದಾಗಲೇ ಮಾಡಿಸಿ.

ಮಾವನಿಗೆ ಎರಡು ಕೀಗೆ ಬಿದ್ದ ಬಿಲ್ಲಿಗಿಂತ ಆ 26 ದಿನ ಸಂತೆಗೆ ಬಾಡಿಗೆ ಗಾಡಿ ಮಾಡಿದ ಖರ್ಚೇ ಜಾಸ್ತಿ ಆಯ್ತು. ಎರಡು ಸಂತೆಗೆ ಗಾಡಿನೇ ಸಿಗಲಿಲ್ಲ. ಯೂನಿಫಾರ್ಮ್ ಸೀಸನ್ ಮುಗಿದುಹೋಯ್ತು, ಒಂದಿಷ್ಟು ಮಾಲು ಮುಂದಿನ ವರ್ಷಕ್ಕೆ ಅಂತ ಅಟ್ಟಕ್ಕೆ ಹಾಕಿದ್ದಾರೆ.

ಆರ್‌ಸಿ ಈಗ ಅವರ ಹೆಸರಿಗೆ ಬಂದಿದೆ. ಎರಡನೇ ಕೀ ನಮ್ಮ ಮನೇಲಿದೆ, ದೇವರ ಕೋಣೆ ಮೊಳೆಗೆ ನೇತುಹಾಕಿದೀವಿ. 'ನನ್ನ ಕೈಗೆ ಮಾತ್ರ ಎರಡೂ ಒಟ್ಟಿಗೆ ಕೊಡ್ಬೇಡ' ಅಂತ ಮಾವನೇ ಹೇಳಿದ್ದಾರೆ.